ಗೆದ್ದ ಮೀನು, ಸೋತ ಮೀನು



ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ತುಂಬಿದರೆ 51 ಟಿಎಂಸಿ ನೀರು. ಅದರ ಕೆಳಗೆ ಧೂಪದಾಳದ ಹಳೆಯ ಒಡ್ಡು, ಆ ಒಡ್ಡಿನಿಂದ ಮೂಡಲಗಿಯ ಕಬ್ಬಿನ ಸೀಮೆಗೆ ಹೊರಟ ಎಡದಂಡೆ ಕಾಲುವೆ, ಆಮೇಲೆ ಗೋಕಾಕದಲ್ಲಿ 52 ಮೀಟರ್ ಕೆಳಗೆ ಧುಮುಕುವ ಘಟಪ್ರಭೆ. ಈ ನೀರಿನ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಎಷ್ಟು ಬಂತು, ಎಷ್ಟು ಬಿಟ್ಟರು, ಟೇಲ್ ಎಂಡಿನ ರೈತನಿಗೆ ಮುಟ್ಟಿತೋ ಇಲ್ಲವೋ ಎಂದು ದಿನವೂ ಮಾತಾಡುತ್ತೇವೆ. ಆದರೆ ನೀರೊಳಗೆ ಬದುಕುವ ಮೀನುಗಳ ನಡುವೆಯೂ ಜಾಗಕ್ಕಾಗಿ ಜಗಳವಿದೆ, ಗೆಲುವಿದೆ, ಸೋಲಿದೆ. ಆ ಗೆಲುವು ಸೋಲು ಮೀನಿನ ಮೈಯಲ್ಲಿ ಏನು ಮಾಡುತ್ತವೆ ಎಂಬುದೇ ಇವತ್ತಿನ ನನ್ನ ವಿಷಯ.

ಮೀನುಗಳಲ್ಲಿ ಒಂದನ್ನು ಮಾತ್ರ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಸಂತೆಯಲ್ಲಿ ಅದನ್ನು ಜಿಲೇಬಿ ಮೀನು ಎನ್ನುತ್ತಾರೆ. ಮಹಾರಾಷ್ಟ್ರದ ಕಡೆಯವರು ಚಿಲಾಪಿ ಎನ್ನುತ್ತಾರೆ. ಪುಸ್ತಕದ ಹೆಸರು ಮೊಜಾಂಬಿಕ್ ತಿಲಾಪಿಯಾ. ಆಫ್ರಿಕಾದ ಆಗ್ನೇಯ ಭಾಗದ ಹೊಳೆಗಳು ಅದರ ತವರು. ಅಗ್ಗದ ಆಹಾರವಾದೀತೆಂದು 1952ರಲ್ಲಿ ಭಾರತಕ್ಕೆ ತಂದರು. ಕೆಲವೇ ತಿಂಗಳಲ್ಲಿ ಮರಿ ಹಾಕುವಷ್ಟು ಬಲಿಯುವ, ವರ್ಷದಲ್ಲಿ ಹಲವು ಬಾರಿ ಮರಿ ಮಾಡುವ ಮೀನು ಇದು. ಹೀಗಾಗಿ ಬಿಟ್ಟಲ್ಲೆಲ್ಲ ಹಬ್ಬಿತು. ಕರ್ನಾಟಕದ ಬಹಳಷ್ಟು ಕೆರೆ ಜಲಾಶಯಗಳಲ್ಲಿ ಇವತ್ತು ಅದು ಬಲೆಗೆ ಬೀಳುತ್ತದೆ. ಸಣ್ಣ ಮೀನು ತುಂಬಿ ಕೆರೆ ಹಾಳಾಯಿತೆಂದು ಮೀನುಗಾರರು ಬೈಯುವುದೂ ಇದನ್ನೇ. ಆ ಬೈಗುಳಕ್ಕೆ ಕಾರಣವಿದೆ. ಆದರೂ ಜಗಳದ ವಿಜ್ಞಾನಕ್ಕೆ ಈ ಮೀನು ಕೊಟ್ಟಷ್ಟು ತಿಳಿವಳಿಕೆಯನ್ನು ಕೊಟ್ಟ ಮೀನುಗಳು ಕಡಿಮೆ. ನಮ್ಮ ಕೆರೆಯ ದಂಡೆಯಲ್ಲೇ ಇರುವ ಜೀವಿಯೊಂದರ ಕುರಿತು ಪೋರ್ಚುಗಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಕಂಡುಕೊಂಡ ಸಂಗತಿಗಳು ನಮ್ಮ ಜನಕ್ಕೂ ಗೊತ್ತಾಗಬೇಕೆಂಬುದು ನನ್ನ ಆಸೆ.

ಬೇಸಿಗೆಯಲ್ಲಿ ನೀರು ಇಳಿದು ಕೆರೆದಂಡೆಯ ಕೆಸರು ಬಯಲಾದಾಗ ದುಂಡನೆಯ ಗುಳಿಗಳು ಪಕ್ಕಪಕ್ಕದಲ್ಲೇ ಕಾಣುತ್ತವೆ. ಅವನ್ನು ತೋಡಿದ್ದು ಗಂಡು ಜಿಲೇಬಿ. ಬಾಯಿಂದಲೇ ಕೆಸರು ಕಚ್ಚಿ ಹೊರಗೆ ಉಗುಳಿ ತೋಡುತ್ತದೆ. ಗುಳಿಯೇ ಅದರ ಮನೆ, ಅದೇ ಅದರ ಮರ್ಯಾದೆ. ಗುಳಿ ಹಿಡಿದ ಗಂಡಿನ ಮೈ ಕಡುಕಪ್ಪಾಗುತ್ತದೆ, ಗಂಟಲ ಭಾಗ ಬೆಳ್ಳಗಾಗುತ್ತದೆ, ರೆಕ್ಕೆಯ ಅಂಚು ಕೆಂಪೇರುತ್ತದೆ. ಹೆಣ್ಣು ಬಂದು ಆ ಗುಳಿಯಲ್ಲಿ ಮೊಟ್ಟೆಯಿಟ್ಟು, ಕೂಡಲೇ ಮೊಟ್ಟೆಗಳನ್ನು ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ. ಮರಿ ಈಜುವಷ್ಟಾಗುವವರೆಗೆ ಅವು ತಾಯಿಯ ಬಾಯಲ್ಲೇ ಇರುತ್ತವೆ. ಗಂಡಿಗೆ ಮರಿಗಳ ಗೊಡವೆಯಿಲ್ಲ. ಅದರ ಕೆಲಸವೇನಿದ್ದರೂ ಗುಳಿಯನ್ನು ಕಾಯುವುದು, ಪಕ್ಕದ ಗುಳಿಯ ಗಂಡಿನೊಡನೆ ಗಡಿ ತಕರಾರು ನಡೆಸುವುದು.

ಈ ತಕರಾರಿಗೆ ಒಂದು ಕ್ರಮವಿದೆ. ಮೊದಲು ಎರಡೂ ರೆಕ್ಕೆ ನಿಗುರಿಸಿ ಮಗ್ಗುಲು ತೋರಿಸುತ್ತವೆ. ತನ್ನ ಗಾತ್ರ ಎಷ್ಟೆಂದು ಎದುರಿನವನಿಗೆ ಕಾಣಿಸುವುದು ಅದರ ಉದ್ದೇಶ. ಅಷ್ಟರಲ್ಲಿ ಒಂದು ಹಿಂದೆ ಸರಿದರೆ ಮುಗಿಯಿತು. ಸರಿಯದಿದ್ದರೆ ಬಾಲ ಬೀಸಿ ನೀರಿನ ಹೊಡೆತ ಕೊಡುತ್ತವೆ. ಅದಕ್ಕೂ ಬಗ್ಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತವೆ. ಕೊನೆಗೆ ಒಂದು ರೆಕ್ಕೆ ಮಡಚಿ, ಮೈಬಣ್ಣ ಪೇಲವವಾಗಿ, ಮೂಲೆ ಸೇರುತ್ತದೆ. ಮತ್ತೊಂದು ಇನ್ನಷ್ಟು ಕಪ್ಪಾಗುತ್ತದೆ. ಜಗಳಗಳಲ್ಲಿ ಬಹುಪಾಲು ಮೊದಲ ಹಂತದಲ್ಲೇ ಮುಗಿದುಹೋಗುತ್ತವೆ ಎಂಬುದನ್ನು ನೆನಪಿಡಬೇಕು. ಕಚ್ಚಾಟ ದುಬಾರಿ. ಹುರುಪೆ ಕಿತ್ತ ಮೈಗೆ ರೋಗ ಬೇಗ ತಗಲುತ್ತದೆ.

ಯಾರು ಗೆಲ್ಲುತ್ತಾರೆ? ದೊಡ್ಡದು ಗೆಲ್ಲುತ್ತದೆ. ಗಾತ್ರ ಒಂದೇ ಆಗಿದ್ದರೆ ಮೊದಲೇ ಜಾಗ ಹಿಡಿದದ್ದು ಗೆಲ್ಲುತ್ತದೆ. ಗಾತ್ರವೂ ಒಂದೇ, ಜಾಗವೂ ಇಬ್ಬರಿಗೂ ಹೊಸದು ಎಂದಾದರೆ? ಆಗ ಹಿಂದಿನ ಜಗಳದ ಫಲ ಲೆಕ್ಕಕ್ಕೆ ಬರುತ್ತದೆ. ಗೋಕಾಕ ಸೀಮೆಯ ಗರಡಿ ಮನೆಗಳಲ್ಲಿ ವಸ್ತಾದಿಗಳಿಗೆ ಇದು ಚೆನ್ನಾಗಿ ಗೊತ್ತು. ಜಾತ್ರೆಯ ಕಣದಲ್ಲಿ ಹೋದ ವಾರವಷ್ಟೇ ಗೆದ್ದು ಬಂದ ಪೈಲ್ವಾನನ ನಿಲುವೇ ಬೇರೆ. ಅಷ್ಟೇ ತೂಕದ, ಅಷ್ಟೇ ತಾಲೀಮಿನ, ಆದರೆ ಚಿತ್ ಆಗಿ ಬಂದ ಹುಡುಗ ಕೈ ಕೊಡುವ ರೀತಿಯೇ ಬೇರೆ. ಎಳೆಯ ಪೈಲ್ವಾನನಿಗೆ ಜೋಡಿ ಹಚ್ಚುವಾಗ ಅನುಭವಸ್ಥರು ಇದನ್ನು ನೋಡಿಯೇ ಹಚ್ಚುತ್ತಾರೆ. ಮೀನಿನಲ್ಲೂ ಇದೇ ಆಗುತ್ತದೆಂದು ತೋರಿಸಬಹುದು. ಗರಡಿಯಲ್ಲಿ ಬಿಡಿಸಿ ನೋಡಲಾಗದ ಎಳೆಗಳನ್ನು ಮೀನಿನಲ್ಲಿ ಒಂದೊಂದಾಗಿ ಬಿಡಿಸಿ ನೋಡಲೂಬಹುದು.

ಆ ಎಳೆಗಳಲ್ಲಿ ಮೊದಲನೆಯದು ಹಾರ್ಮೋನು. ಗಂಡು ಮೀನಿನ ವೃಷಣದಿಂದ ರಕ್ತಕ್ಕೆ ಸೇರುವ ಪುರುಷ ಹಾರ್ಮೋನುಗಳಲ್ಲಿ ಟೆಸ್ಟೋಸ್ಟೆರೋನ್ ಒಂದು. ಮೀನುಗಳಲ್ಲಿ ಅದಕ್ಕಿಂತ ಮುಖ್ಯವಾದದ್ದು 11-ಕೀಟೋಟೆಸ್ಟೋಸ್ಟೆರೋನ್. ಹಾರ್ಮೋನು ಹೆಚ್ಚಿದ್ದರೆ ಜಗಳಗಂಟ, ಕಡಿಮೆಯಿದ್ದರೆ ಸಾಧು ಎಂದು ನಾವು ಸರಳವಾಗಿ ತಿಳಿದಿರುತ್ತೇವೆ. ಆದರೆ ದಾರಿ ಎರಡೂ ಕಡೆಗಿದೆ: ಹಾರ್ಮೋನು ಜಗಳವನ್ನು ಬದಲಿಸುತ್ತದೆ, ಜಗಳ ಹಾರ್ಮೋನನ್ನು ಬದಲಿಸುತ್ತದೆ. ಸವಾಲು ಎದುರಾದಾಗ ಗಂಡಿನ ದೇಹದಲ್ಲಿ ಈ ಹಾರ್ಮೋನು ಏರುತ್ತದೆ ಎಂಬ ವಿಚಾರವನ್ನು 1990ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಹಕ್ಕಿಗಳನ್ನು ಆಧರಿಸಿ ಮಂಡಿಸಿದರು. ಅದನ್ನು ಮೀನಿನಲ್ಲಿ, ಅದೂ ನಮ್ಮ ಈ ಜಿಲೇಬಿ ಮೀನಿನಲ್ಲಿ, ಒರೆಗೆ ಹಚ್ಚಿದವರು ಪೋರ್ಚುಗಲ್ಲಿನ ರುಯಿ ಒಲಿವೇರಾ, ಅಡೆಲಿನೊ ಕನಾರಿಯೊ ಮತ್ತು ಅವರ ಜೊತೆಗಾರರು.

ಈ ಮೀನು ಅವರಿಗೆ ಒಂದು ಅನುಕೂಲ ಮಾಡಿಕೊಟ್ಟಿತು. ಜಿಲೇಬಿ ಗಂಡು ಮೂತ್ರವನ್ನು ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒತ್ತಿದರೆ ಮೂತ್ರ ಸಿಗುತ್ತದೆ, ಅದರಲ್ಲಿ ಹಾರ್ಮೋನಿನ ಅಳತೆ ಸಿಗುತ್ತದೆ. ಸೂಜಿ ಚುಚ್ಚಿ ರಕ್ತ ತೆಗೆದು ಮೀನನ್ನು ಹೈರಾಣ ಮಾಡಬೇಕಿಲ್ಲ.

2001ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗಂಡನ್ನು ಬರೀ ಪ್ರೇಕ್ಷಕನನ್ನಾಗಿ ಇಟ್ಟಿದ್ದರು. ಗಾಜಿನ ಆಚೆ ಪಕ್ಕದ ತೊಟ್ಟಿಯಲ್ಲಿ ಬೇರೆ ಎರಡು ಗಂಡುಗಳ ಕಾಳಗ. ಇದು ಹೊಡೆದಿಲ್ಲ, ಹೊಡೆಸಿಕೊಂಡಿಲ್ಲ, ನೋಡಿತಷ್ಟೇ. ಆದರೂ ಅದರ ಮೂತ್ರದಲ್ಲಿ ಪುರುಷ ಹಾರ್ಮೋನಿನ ಮಟ್ಟ ಏರಿತು. ಕುಸ್ತಿ ಕಣದ ಸುತ್ತ ಕೂತವರ ರಟ್ಟೆ ತಾನಾಗಿ ಬಿಗಿಯುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಆದರೆ ಒಂದು ಮೀನಿನ ವೃಷಣಕ್ಕೆ ಕಣ್ಣಿನ ಮೂಲಕ ಸುದ್ದಿ ಮುಟ್ಟುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಪಕ್ಕದ ಮನೆಯಲ್ಲಿ ಜಗಳ ಎದ್ದಿದೆ, ಅದು ನಾಳೆ ನನ್ನ ಬಾಗಿಲಿಗೂ ಬಂದೀತು ಎಂದು ದೇಹ ಮುಂಚಿತವಾಗಿ ಸಜ್ಜಾಗುತ್ತಿದೆ.

ನಾಲ್ಕು ವರ್ಷಗಳ ಮೇಲೆ, 2005ರಲ್ಲಿ, ಅವರು ಗಂಡಿನೆದುರು ಕನ್ನಡಿ ಇಟ್ಟರು. ಮೀನು ತನ್ನ ಬಿಂಬವನ್ನು ವೈರಿ ಎಂದೇ ಬಗೆದು ಪೂರ್ತಿ ಹುರುಪಿನಿಂದ ಕಾದಾಡಿತು. ರೆಕ್ಕೆ ನಿಗುರಿಸಿತು, ಬಾಲ ಬೀಸಿತು, ಮೂತಿಯಿಂದ ಗುದ್ದಿತು. ಕನ್ನಡಿಯ ಮೀನು ಸೋಲುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಎಷ್ಟು ಕೊಟ್ಟರೆ ಅಷ್ಟೇ ತಿರುಗಿ ಕೊಡುತ್ತದೆ. ಇಷ್ಟೆಲ್ಲ ಸೆಣಸಾಟದ ನಂತರ ಅಳೆದರೆ ಪುರುಷ ಹಾರ್ಮೋನು ಏರಿರಲೇ ಇಲ್ಲ. ಅಂದರೆ ಹಾರ್ಮೋನನ್ನು ಏರಿಸುವುದು ಕಾದಾಟದ ಶ್ರಮವಾಗಿರಲಿಕ್ಕಿಲ್ಲ. ಮೀನಿನ ಮಿದುಳು ಫಲಿತಾಂಶಕ್ಕಾಗಿ ಕಾಯುತ್ತದೆ. ಬರಾಬರಿಯಾದ ಕುಸ್ತಿ ಅದರ ಲೆಕ್ಕದಲ್ಲಿ ಇನ್ನೂ ಮುಗಿಯದ ಕುಸ್ತಿ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 2009ರ ಪ್ರಯೋಗ. ಸಮಬಲದ ಗಂಡುಗಳನ್ನು ಕಾಳಗಕ್ಕೆ ಬಿಟ್ಟರು. ಗೆದ್ದದ್ದನ್ನೂ ಸೋತದ್ದನ್ನೂ ಬೇರ್ಪಡಿಸಿ, ಎರಡನ್ನೂ ಹೊಸ ಎದುರಾಳಿಗಳ ಮುಂದೆ ಬಿಟ್ಟರು. ಗೆದ್ದು ಬಂದವು ನೂರಕ್ಕೆ 88ರಷ್ಟು ಮತ್ತೆ ಗೆದ್ದವು. ಸೋತು ಬಂದವು ನೂರಕ್ಕೆ 87ರಷ್ಟು ಮತ್ತೆ ಸೋತವು. ಗೆಲುವು ಗೆಲುವನ್ನು ಎಳೆಯುತ್ತದೆ, ಸೋಲು ಸೋಲನ್ನು ಎಳೆಯುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು. ಮುಂದಿನ ಹೆಜ್ಜೆಯಲ್ಲಿ ಗೆದ್ದ ಮೀನುಗಳಿಗೆ ಪುರುಷ ಹಾರ್ಮೋನಿನ ಕೆಲಸವನ್ನು ತಡೆಯುವ ಔಷಧಿ ಕೊಟ್ಟರು. ಈಗ ಅವುಗಳ ಗೆಲುವು ನೂರಕ್ಕೆ 44ಕ್ಕೆ ಇಳಿಯಿತು. ಅಂದರೆ ನಾಣ್ಯ ಚಿಮ್ಮಿದಂತೆ, ಈ ಕಡೆಯೋ ಆ ಕಡೆಯೋ. ಮೊದಲ ಗೆಲುವಿನ ಲಾಭ ಅಳಿಸಿಹೋಯಿತು.

ಹಾಗಾದರೆ ಸೋತ ಮೀನಿಗೆ ಹಾರ್ಮೋನು ಕೊಟ್ಟರೆ ಅದು ಗೆಲ್ಲಬೇಕಲ್ಲವೇ? ಕೊಟ್ಟು ನೋಡಿದರು. ನೂರಕ್ಕೆ 19ರಷ್ಟು ಮಾತ್ರ ಗೆದ್ದವು. ಗೆಲುವಿನ ಗುಂಗು ಹಾರ್ಮೋನಿನ ಮೇಲೆ ನಿಂತಿದೆ. ಸೋಲಿನ ಅಳುಕು ಅದರ ಕೊರತೆಯಿಂದ ಹುಟ್ಟಿದ್ದಲ್ಲ. ಗೆಲುವಿನ ತಿರುವು ಮುರುವು ಸೋಲು ಎಂದು ನಾವು ತಿಳಿದಿರುತ್ತೇವೆ, ತಕ್ಕಡಿಯ ಎರಡು ತಟ್ಟೆಯ ಹಾಗೆ. ಮೀನಿನ ದೇಹದಲ್ಲಿ ಅವೆರಡೂ ಬೇರೆ ಬೇರೆ ಹಾದಿಗಳಲ್ಲಿ ನಡೆಯುತ್ತವೆ. ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸೋತವನಿಗೆ ಬಲದ ಗುಳಿಗೆ ಕೊಟ್ಟು ಗೆಲ್ಲಿಸಲಾಗಲಿಲ್ಲ, ಮೀನಿನಲ್ಲಿಯೂ.

ಸೋಲಿನ ಹಾದಿ ಯಾವುದು? ಅದರಲ್ಲಿ ಎದ್ದು ಕಾಣುವವು ಎರಡು. ಒಂದು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು. ಮೀನಿನಲ್ಲಿ ಅದು ಮೂತ್ರಪಿಂಡದ ತಲೆಯ ಕಡೆಯ ತುದಿಯಲ್ಲಿ ಹುಟ್ಟುತ್ತದೆ. ಕಾಳಗದ ಹೊತ್ತಿಗೆ ಗೆಲ್ಲುವವನಲ್ಲೂ ಸೋಲುವವನಲ್ಲೂ ಅದು ಏರುತ್ತದೆ. ಟ್ರೌಟ್ ಮೀನುಗಳಲ್ಲಿ ಕಂಡಂತೆ, ಗೆದ್ದವನಲ್ಲಿ ಬೇಗ ಇಳಿಯುತ್ತದೆ. ಸೋತವನು ಗೆದ್ದವನ ಕಣ್ಣೆದುರೇ ಬಾಳಬೇಕಾದರೆ ಇಳಿಯದೆ ಉಳಿಯುತ್ತದೆ. ಇನ್ನೊಂದು ಮಿದುಳಿನ ಸೆರೊಟೋನಿನ್. ಸ್ವೀಡನ್ನಿನ ಸ್ವಾಂಟೆ ವಿನ್‌ಬರ್ಗ್ ಮತ್ತು ಸಂಗಡಿಗರು ಕೆಳಗಿನ ದರ್ಜೆಗೆ ಬಿದ್ದ ಮೀನುಗಳ ಮಿದುಳಿನಲ್ಲಿ ಸೆರೊಟೋನಿನ್ ಚಟುವಟಿಕೆ ಹೆಚ್ಚಿರುವುದನ್ನು ಕಂಡರು. ಸೆರೊಟೋನಿನ್ ತಯಾರಾಗಲು ಬೇಕಾದ ಟ್ರಿಪ್ಟೊಫ್ಯಾನ್ ಅನ್ನು ಆಹಾರದಲ್ಲಿ ಬೆರೆಸಿ ವಾರ ಕಾಲ ತಿನ್ನಿಸಿದಾಗ ಟ್ರೌಟ್ ಮರಿಗಳ ಜಗಳಗಂಟತನ ತಗ್ಗಿತು.

ಈಗ ಜಿಲೇಬಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಕಡಲಾಚೆಯ ಇನ್ನೊಂದು ಮೀನಿನ ಮಾತು. ಫ್ಲಾರಿಡಾದಿಂದ ಕೆರಿಬಿಯನ್ ದ್ವೀಪಗಳವರೆಗೆ ಕಾಂಡ್ಲಾ ಕಾಡಿನ ಕೆಸರಲ್ಲಿ ಬಾಳುವ ಕಿಲ್ಲಿಮೀನು ಬೆರಳುದ್ದದ್ದು. ಅದರಲ್ಲಿ ಒಂದೇ ಮೀನಿಗೆ ಅಂಡಾಶಯವೂ ಇದೆ, ವೃಷಣವೂ ಇದೆ. ತನ್ನ ಮೊಟ್ಟೆಯನ್ನು ತಾನೇ ಫಲಿಸಿಕೊಂಡು ಮರಿ ಮಾಡುತ್ತದೆ. ಹೀಗಾಗಿ ಒಂದು ವಂಶದ ಮೀನುಗಳೆಲ್ಲ ಹುಟ್ಟುಗುಣದಲ್ಲಿ ಒಂದೇ ಅಚ್ಚು. ಹುಟ್ಟುಗುಣದ ವ್ಯತ್ಯಾಸವನ್ನು ಬದಿಗಿಟ್ಟು ಅನುಭವವನ್ನೇ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೀನು ಸಿಗದು. ತೈವಾನಿನ ಯುಯಿಂಗ್ ಶು, ಅಮೆರಿಕದ ಲ್ಯಾರಿ ವುಲ್ಫ್ 1999ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕಂಡುಬಂದದ್ದು ಇಷ್ಟು: ಕೊನೆಯ ಕಾಳಗದ ಪರಿಣಾಮ ಹೆಚ್ಚು, ಅದರ ಹಿಂದಿನ ಕಾಳಗದ್ದು ಕಡಿಮೆ, ಆದರೂ ಅದು ಪೂರ್ತಿ ಮರೆತುಹೋಗಿರುವುದಿಲ್ಲ.

ಅವರು ಇನ್ನೂ ಒಂದು ಸಂಗತಿಯನ್ನು ಗುರುತಿಸಿದರು. ಹಿಂದಿನ ಗೆಲುವು ಸೋಲುಗಳ ಪ್ರಭಾವ ಜಗಳದ ಆರಂಭದಲ್ಲಿ ಕಾಣುತ್ತದೆ: ಮೇಲೇರಿ ಹೋಗುವುದೋ, ಬಿಟ್ಟು ಸರಿಯುವುದೋ ಎಂಬ ನಿರ್ಧಾರದಲ್ಲಿ. ಒಮ್ಮೆ ಎರಡೂ ಮೀನು ಕಚ್ಚಾಟಕ್ಕೇ ಇಳಿದುಬಿಟ್ಟರೆ ಹಳೆಯ ಸೋಲು ಫಲಿತಾಂಶವನ್ನು ಬದಲಿಸುವುದಿಲ್ಲ. ಸೋತ ಮೀನಿನ ಸ್ನಾಯು ಸೊರಗಿರಲಿಲ್ಲ. ಕೈಯಲ್ಲಿ ಬಲ ಇತ್ತು, ಬಲ ಇದೆಯೆಂಬ ಅಂದಾಜು ಮಾತ್ರ ಕುಸಿದಿತ್ತು. ಶು ಮತ್ತು ರಯಾನ್ ಅರ್ಲಿ 2008ರಲ್ಲಿ ಇದೇ ಮೀನನ್ನು ಕಾಳಗಕ್ಕೆ ಮುಂಚೆ ಸ್ವಲ್ಪ ಹೊತ್ತು ಸಣ್ಣ ಪಾತ್ರೆಯ ನೀರಲ್ಲಿಟ್ಟು, ಕಿವಿರಿನಿಂದ ನೀರಿಗಿಳಿದ ಹಾರ್ಮೋನನ್ನು ಅಳೆದು, ಮೈಯ ಸ್ಥಿತಿಗೂ ಜಗಳದ ನಡೆಗೂ ನಂಟಿದೆ ಎಂದು ತೋರಿಸಿದರು.

ಗುಂಗು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಮೀನಿನಿಂದ ಮೀನಿಗೆ ಬೇರೆ. ಅಮೆರಿಕದ ಸನ್‌ಫಿಶ್ ಎಂಬ ಮೀನಿನಲ್ಲಿ ಗೆಲುವಿನ ಪ್ರಭಾವ ಒಂದು ಗಂಟೆಯೊಳಗೆ ಕರಗಿಹೋಗಿತ್ತು. ಸೋಲಿನದು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಇದರಲ್ಲಿ ಅರ್ಥವಿದೆ. ಗೆದ್ದವನು ಮತ್ತೆ ಸೆಣಸದಿದ್ದರೆ ಅವಕಾಶವೊಂದು ಹೋಗುತ್ತದೆ. ಸೋತವನು ಮತ್ತೆ ಸೆಣಸಿದರೆ ಜೀವವೇ ಹೋಗಬಹುದು.

ಹಾಗೆಂದು ಕೆಳಗೆ ಬಿದ್ದ ಮೀನು ಅಲ್ಲೇ ಬಿದ್ದಿರುತ್ತದೆಯೇ? ಇಲ್ಲ. ಆಫ್ರಿಕಾದ ಟಾಂಗನಿಕಾ ಸರೋವರದ, ಜಿಲೇಬಿಯ ನೆಂಟನೇ ಆದ ಬರ್ಟನಿ ಮೀನನ್ನು ಸ್ಟ್ಯಾನ್‌ಫರ್ಡಿನ ರಸೆಲ್ ಫರ್ನಾಲ್ಡ್ ದಶಕಗಟ್ಟಲೆ ಅಭ್ಯಾಸ ಮಾಡಿದರು. ತೊಟ್ಟಿಯ ಯಜಮಾನ ಗಂಡನ್ನು ರಾತ್ರಿ ಎತ್ತಿಬಿಟ್ಟರೆ, ಬೆಳಗ್ಗೆ ದೀಪ ಹತ್ತಿದ ಕೆಲವೇ ನಿಮಿಷಗಳಲ್ಲಿ ಅದುವರೆಗೆ ಮಂಕಾಗಿ ಮೂಲೆಯಲ್ಲಿದ್ದ ಗಂಡು ಬಣ್ಣ ತಳೆದು ಯಜಮಾನಿಕೆಗೆ ಇಳಿಯುತ್ತದೆ. ದಿನಗಳು ಉರುಳಿದಂತೆ ಅದರ ಮಿದುಳಿನಲ್ಲಿ ಸಂತಾನದ ಹಾರ್ಮೋನುಗಳ ಸರಪಳಿಗೆ ಚಾಲನೆ ಕೊಡುವ ನರಕೋಶಗಳೇ ಗಾತ್ರದಲ್ಲಿ ಹಿಗ್ಗುತ್ತವೆ. ಮತ್ತೆ ದೊಡ್ಡ ಗಂಡು ಬಂದರೆ ಮತ್ತೆ ಕುಗ್ಗುತ್ತವೆ. ಜಗಳಗಂಟ ಮೀನು, ಅಂಜುಬುರುಕ ಮೀನು ಎಂದು ಹುಟ್ಟುಗುಣದ ಮುದ್ರೆ ಒತ್ತುವ ಮುನ್ನ ಅದರ ಅಕ್ಕಪಕ್ಕ ಯಾರಿದ್ದಾರೆ, ಹಿಂದೆ ಏನಾಗಿತ್ತು ಎಂದು ಕೇಳಲೇಬೇಕು.

ಜಿಲೇಬಿಗೆ ಮರಳೋಣ. ಮೂತ್ರದ ಚೀಲದ ಮಾತು ಹೇಳಿದೆನಲ್ಲ, ಅದರ ನಿಜವಾದ ಉಪಯೋಗ ವಿಜ್ಞಾನಿಗಳ ಅನುಕೂಲಕ್ಕಿಂತ ದೊಡ್ಡದು. ಗುಳಿ ಹಿಡಿದ ಬಲಿಷ್ಠ ಗಂಡು ಎದುರಾಳಿಯ ಮುಂದೆ ಮತ್ತೆ ಮತ್ತೆ ಸ್ವಲ್ಪಸ್ವಲ್ಪ ಮೂತ್ರ ಬಿಡುತ್ತದೆ. ಅದರ ವಾಸನೆಯಲ್ಲಿ ಈ ಗಂಡಿನ ದರ್ಜೆಯ ಸುದ್ದಿಯಿದೆ. ಆ ವಾಸನೆ ಮೂಗಿಗೆ ಬಿದ್ದ ಗಂಡಿನ ಆಕ್ರಮಣ ಕಡಿಮೆಯಾಗುತ್ತದೆಂದು 2017ರ ಒಂದು ಅಧ್ಯಯನ ತೋರಿಸಿತು. ಕಚ್ಚದೆ, ಹುರುಪೆ ಕೀಳದೆ, ತಕರಾರು ಅಲ್ಲಿಗೇ ನಿಲ್ಲುತ್ತದೆ. ಜಗಳಗಂಟನೆಂದು ಹೆಸರಾದ ಮೀನು ಜಗಳ ತಪ್ಪಿಸುವುದಕ್ಕೂ ಇಷ್ಟು ಏರ್ಪಾಡು ಮಾಡಿಕೊಂಡಿದೆ ಎಂಬುದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಇಷ್ಟೆಲ್ಲ ನಮ್ಮ ರೈತರಿಗೆ, ಮೀನು ಸಾಕುವವರಿಗೆ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಕಾಲುವೆ ನೀರಿನ ಆಸರೆಯ ಹೊಂಡಗಳಿವೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಟವರಿಗೆ ಗುಳಿ ಜಗಳದ ತಲೆನೋವಿಲ್ಲ, ಆ ಮೀನುಗಳು ಜಾಗ ಹಿಡಿದು ಕಾಯುವವಲ್ಲ. ತಿಲಾಪಿಯಾದ ಮಾತು ಬೇರೆ. ಅದನ್ನು ಸಾಕಲು ಸರ್ಕಾರದ ಅನುಮತಿ ಬೇಕು. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಸಾಕಣೆಗೆ ಸಿಗುವ ಬಿತ್ತನೆ ಮರಿಗಳು ಸಾಮಾನ್ಯವಾಗಿ ಎಲ್ಲವೂ ಗಂಡು. ಮೊಟ್ಟೆಯೊಡೆದ ಹೊಸದರಲ್ಲಿ ಮೂರು ನಾಲ್ಕು ವಾರ ಹಾರ್ಮೋನು ಬೆರೆಸಿದ ಆಹಾರ ಕೊಟ್ಟು ಹಾಗೆ ಮಾಡಿರುತ್ತಾರೆ. ಮರಿ ಮಾಡುವುದರಲ್ಲೇ ಶಕ್ತಿ ಕಳೆಯದೆ ಮೀನು ಬೆಳೆಯಲಿ ಎಂಬುದು ಉದ್ದೇಶ.

ಹೊಂಡದ ತುಂಬ ಗಂಡೇ ಆದರೆ ಹೊಡೆದಾಡಿ ಸಾಯುವುದಿಲ್ಲವೇ? ಮೀನುಗಳ ಸಂಖ್ಯೆ ವಿರಳವಾಗಿದ್ದರೆ ಬಲಿಷ್ಠವಾದ ಕೆಲವು ಜಾಗ ಹಿಡಿದು ಉಳಿದವನ್ನು ಅಟ್ಟಾಡಿಸುತ್ತವೆ. ಸಂಖ್ಯೆ ಹೆಚ್ಚಿದಂತೆ ಜಾಗ ಕಾಯುವುದೇ ಅಸಾಧ್ಯವಾಗಿ, ಜಗಳ ತಗ್ಗುತ್ತದೆ. ಆದರೆ ಒತ್ತಾಗಿ ಬಿಟ್ಟ ಹೊಂಡಕ್ಕೆ ಗಾಳಿ ಬೇಕು, ನೀರು ಬದಲಿಸಬೇಕು, ಇಲ್ಲವಾದರೆ ಉಸಿರುಗಟ್ಟಿ ಸಾಯುತ್ತವೆ. ಆಹಾರವನ್ನು ಒಂದೇ ಮೂಲೆಗೆ ಸುರಿಯಬಾರದು. ಬಲಿಷ್ಠ ಮೀನು ಆ ಮೂಲೆಯನ್ನೇ ತನ್ನದು ಮಾಡಿಕೊಳ್ಳುತ್ತದೆ. ಹೊಂಡದ ನಾಲ್ಕೂ ಕಡೆ ಎರಚಿದರೆ ಸೋತವಕ್ಕೂ ತಿನ್ನಲು ಸಿಗುತ್ತದೆ. ದಿನವೂ ಸೋಲುತ್ತಿರುವ ಮೀನು ಹಸಿವಿನಿಂದ ಮಾತ್ರ ಸಣ್ಣದಾಗಿ ಉಳಿಯುವುದಿಲ್ಲ. ಇಳಿಯದ ಕಾರ್ಟಿಸೋಲ್ ಅದರ ಬೆಳವಣಿಗೆಯನ್ನೂ ರೋಗ ತಡೆಯುವ ಶಕ್ತಿಯನ್ನೂ ತಿನ್ನುತ್ತದೆ. ಆಗಾಗ ಬಲೆ ಎಳೆದು ದೊಡ್ಡವನ್ನು, ಸಣ್ಣವನ್ನು ಬೇರೆ ಬೇರೆ ಮಾಡಬೇಕು. ಕೊರವ ಮೀನು ಸಾಕುವವರಿಗಂತೂ ಇದು ಬಿಡದ ಕೆಲಸ, ಅಲ್ಲಿ ದೊಡ್ಡದು ಸಣ್ಣದನ್ನು ನುಂಗಿಯೇ ಬಿಡುತ್ತದೆ.

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಇಟ್ಟಿರುವ ಮಕ್ಕಳಿಗೂ ನಾಲ್ಕು ಮಾತು. ಫೈಟರ್ ಮೀನಿನೆದುರು ಕನ್ನಡಿ ಹಿಡಿದು ಆಟ ನೋಡುವುದು ಮಜಾ ಎನಿಸುತ್ತದೆ. ಆದರೆ ಅದಕ್ಕೆ ಎಂದೂ ಗೆಲ್ಲಲಾಗದ ಕಾಳಗ ಅದು. ಒಂದೆರಡು ಕ್ಷಣ ಸಾಕು, ಗಂಟೆಗಟ್ಟಲೆ ಬೇಡ. ಸಾಕಲಾಗದ ಮೀನನ್ನು ಘಟಪ್ರಭೆಗೋ ಹಿರಣ್ಯಕೇಶಿಗೋ ಮಾರ್ಕಂಡೇಯಕ್ಕೋ ಒಯ್ದು ಬಿಡಬೇಡಿ, ತಂದು ಬಿಟ್ಟ ಜಿಲೇಬಿ ಎಲ್ಲಿಗೆ ಮುಟ್ಟಿತೆಂದು ಕೇಳಿದಿರಲ್ಲ. ಬೇರೆ ಜಾತಿಯ ಮೀನುಗಳಿರುವ ತೊಟ್ಟಿಗೆ ಹೊಸ ಮೀನು ಬಿಡುವಾಗ ಮೊದಲು ಒಳಗಿನ ಕಲ್ಲು, ಗಿಡಗಳ ಜಾಗ ಬದಲಿಸಿ. ಹಳೆಯ ಮೀನುಗಳ ಗಡಿಗುರುತು ಆಗ ಕಲಸಿಹೋಗುತ್ತದೆ. ದೀಪ ಆರಿಸಿ ಬಿಡಿ. ಕಚ್ಚಿಸಿಕೊಂಡು ಮೂಲೆ ಸೇರಿದ ಮೀನು ಕಂಡರೆ ಬೇರೆ ಪಾತ್ರೆಗೆ ತೆಗೆದು, ಕೆಲವು ದಿನ ತಿನ್ನಿಸಿ, ಬಣ್ಣ ಮರಳಿದ ಮೇಲೆ ಮತ್ತೆ ಬಿಡಿ. ಹಾಗೆ ಬಿಡುವಾಗಲೂ ಕಲ್ಲುಗಳನ್ನು ಇನ್ನೊಮ್ಮೆ ಸರಿಸುವುದನ್ನು ಮರೆಯಬೇಡಿ.